ನಗು ಬರುವ ತನಕ ಸುಮ್ಮನಿರುವುದು

ಜನರನ್ನು ನಗಿಸುವವರು ಮನೆಯಲ್ಲೂ ಹಲ್ಲು ಕಿಸಿದುಕೊಂಡೇ ಇರುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಅಂಥವರನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಸುಲ್ಮಾ ಬೆರ್ರೂಟಿಯ ಕ್ಷೌರದ ಕುರ್ಚಿಯಲ್ಲಿ ಕೂರಿಸಬೇಕು. ಸೆರ್ರೊ ಗುಡ್ಡದ ನಮ್ಮ ಬಡಾವಣೆಯಲ್ಲಿ ಅವಳಷ್ಟು ಗಂಟುಮೋರೆಯ ಹೆಂಗಸು ಇನ್ನೊಬ್ಬಳಿಲ್ಲ. ಆದರೆ ಕಾರ್ನಿವಲ್ ಹಬ್ಬದಲ್ಲಿ ಮೊಂಟೆವಿಡಿಯೊ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕ ಹಾಡುಗಳನ್ನು ಬರೆದವಳು ಅವಳೇ. ಇದು ನಾನು ಅವರಿವರ ಬಾಯಲ್ಲಿ ಕೇಳಿದ ಸುದ್ದಿಯಲ್ಲ. ಆ ಹಾಡುಗಳಿಗೆ ದೊಡ್ಡ ಡೋಲು ಬಾರಿಸಿದವನು ನಾನು. ಹೆಸರು ಎಬೆರ್.

ಅಂಗಡಿ ಅವಳಪ್ಪನದು. ಅಪ್ಪ ಹೋದ ಮೇಲೆ ಬೀಗ ಬೀಳುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಮಾರನೇ ವಾರವೇ ಅವಳು ಅಪ್ಪನ ಬಿಳಿ ಕೋಟು ತೊಟ್ಟು, ಕತ್ತಿ ಮಸೆಯುತ್ತಾ ಬಾಗಿಲಲ್ಲಿ ನಿಂತಿದ್ದಳು. ಬಂದರಿನ ಕೂಲಿಗಳು, ಮುಚ್ಚಿಹೋದ ಮಾಂಸದ ಕಾರ್ಖಾನೆಯ ಹಳೇ ಕೆಲಸಗಾರರು, ಬಸ್ಸಿನವರು, ಎಲ್ಲರೂ ಗೊಣಗುತ್ತಲೇ ಬಂದರು. ಬಂದವರು ಮತ್ತೆ ಬೇರೆ ಕಡೆ ಹೋಗಲಿಲ್ಲ. ಕೈ ಅಷ್ಟು ಹಗುರ. ಆದರೆ ಅವಳ ಕುರ್ಚಿಯಲ್ಲಿ ಕೂತವನು ತುಟಿ ಪಿಟಕ್ ಅನ್ನುವಂತಿಲ್ಲ. ಮಾತಾಡುವ ಹಕ್ಕು ಅವಳೊಬ್ಬಳಿಗೇ, ಅದೂ ಅಪರೂಪಕ್ಕೆ.

ಅವಳು ಬರೆಯುತ್ತಿದ್ದ ರೀತಿಯನ್ನು ಕೇಳಿ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು, ಸೋರೆಬುರುಡೆಯಲ್ಲಿ ಮಾಟೆ ಕಷಾಯ ಹಾಕಿಕೊಂಡು ದೊಡ್ಡ ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಬ್ರಷ್ಷನ್ನು ಸೋಪಿನ ನೊರೆಯಲ್ಲಿ ಅದ್ದಿ ಕನ್ನಡಿಯ ಮೇಲೇ ಸಾಲು ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಒಂದು ಪದಕ್ಕಾಗಿ ಬೆಳಗೆಲ್ಲ ಕಳೆದದ್ದನ್ನು ನಾನೇ ಕಿಟಕಿಯಲ್ಲಿ ಇಣುಕಿ ನೋಡಿದ್ದೇನೆ. ಬಾಗಿಲು ತೆಗೆಯುವ ಹೊತ್ತಿಗೆ ಒದ್ದೆ ಬಟ್ಟೆ ತೆಗೆದುಕೊಂಡು ಎಲ್ಲವನ್ನೂ ಅಳಿಸಿಬಿಡುತ್ತಿದ್ದಳು. ಕಾಗದದ ಚೂರೂ ಇಲ್ಲ. ಮರುದಿನ ಬೆಳಿಗ್ಗೆ ತಲೆಯಲ್ಲಿ ಉಳಿದಿದ್ದರೆ ಅದು ಸಾಲು, ಇಲ್ಲದಿದ್ದರೆ ನೊರೆ. ಒಳ್ಳೆಯದೇನಾದರೂ ಮರೆತುಹೋದರೆ ಏನು ಗತಿ ಎಂದು ಒಮ್ಮೆ ಕೇಳಿದೆ. ತನಗೇ ನೆನಪಿರದ್ದು ಜನಕ್ಕೆ ಯಾಕೆ ನೆನಪಿರಬೇಕು ಎಂದು ತಿರುಗಿ ನನ್ನನ್ನೇ ಕೇಳಿದಳು.

ಉಳಿದ ಸಾಲಿಗೆ ಆಮೇಲೆ ಪರೀಕ್ಷೆ. ಗಿರಾಕಿಯ ಕೆನ್ನೆಗೆ ಕತ್ತಿ ಇಟ್ಟು, ಈರುಳ್ಳಿ ಬೆಲೆಯ ಮಾತೋ ಬಸ್ಸಿನ ಮಾತೋ ಎಂಬಂತೆ ನಡುವೆ ಆ ಸಾಲನ್ನು ತೂರಿಸುವುದು. ಗಿರಾಕಿ ಅಲ್ಲಾಡಿದನೋ, ಸಾಲು ಪಾಸು. ಮೊದಮೊದಲು ಅವಳು ಕೊನೆಯ ಪದಕ್ಕೆ ಮುಂಚೆ ಕತ್ತಿಯನ್ನು ಮೇಲೆತ್ತುತ್ತಿದ್ದಳು, ಪಾಪ, ಗಂಟಲು ಕುಯ್ಯಬಾರದಲ್ಲ. ಗಿರಾಕಿಗಳು ಅದನ್ನು ಕಲಿತುಬಿಟ್ಟರು. ಕತ್ತಿ ಎದ್ದರೆ ಸಾಕು, ಸಾಲು ಕೇಳುವ ಮೊದಲೇ ಹಲ್ಲು ಬಿಡತೊಡಗಿದರು. ಮೋಸದ ನಗು ತನಗೆ ಬೇಡ ಎಂದು ಅವಳು ಕತ್ತಿ ಎತ್ತುವುದನ್ನೇ ನಿಲ್ಲಿಸಿದಳು. ಅವಳು ನಮಗೆ ಬರೆದ ಮೊದಲ ವರ್ಷ ವಸಂತ ಶುರುವಾಗುತ್ತಿದ್ದಂತೆ ನಮ್ಮ ಬೀದಿಯಲ್ಲಿ ಗದ್ದಕ್ಕೆ ಹತ್ತಿ ಅಂಟಿಸಿಕೊಂಡ ಗಂಡಸರು ಹೆಚ್ಚಾದರು. ಅವರ ಹೆಂಡಂದಿರು ಅದನ್ನು ನೋಡಿ, ಓಹೋ, ಈ ಸಲ ಹಾಡು ಚೆನ್ನಾಗಿ ಬರ್ತಿದೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಅವಳು ನಮ್ಮ ತಂಡಕ್ಕೆ ಬಂದದ್ದು ಜಗಳದಿಂದಲೇ. ನಮ್ಮದು ‘ಕೊನೇ ತಿರುವು’ ಎಂಬ ಮುರ್ಗ ತಂಡ. ಮುಖಕ್ಕೆ ಬಣ್ಣ ಬಳಿದುಕೊಂಡು, ತಲೆಗೆ ಗುಡಾರದಂಥ ಟೋಪಿ ಇಟ್ಟುಕೊಂಡು, ಮೂಗಿನಲ್ಲಿ ದನಿ ತೆಗೆದು ಆ ವರ್ಷದ ದೊಡ್ಡವರು ಚಿಕ್ಕವರು ಎಲ್ಲರನ್ನೂ ಹಾಡಿನಲ್ಲೇ ಗೇಲಿ ಮಾಡುವುದು ನಮ್ಮ ಕೆಲಸ. ಹದಿಮೂರು ಗಂಟಲು, ನನ್ನ ಡೋಲು, ಒಂದು ತಾಳ, ಒಂದು ಚಿಕ್ಕ ಡೋಲು. ಕಾರ್ನಿವಲ್‌ಗೆ ಮೊದಲು ನಮ್ಮಂಥ ಸಣ್ಣ ತಂಡಗಳು ತೀರ್ಪುಗಾರರ ಮುಂದೆ ಹಾಡಿ ತೋರಿಸಬೇಕು. ಪಾಸಾದರೆ ತಿಂಗಳು ಪೂರ್ತಿ ಊರಿನ ಎಲ್ಲ ಬೀದಿ ವೇದಿಕೆಗಳೂ ನಮ್ಮವು. ಬಿದ್ದರೆ ಬಣ್ಣ ತೊಳೆದುಕೊಂಡು ಮನೆಗೆ ಹೋಗಬೇಕು. ಹಿಂದಿನ ವರ್ಷ ನಾವು ಬಿದ್ದಿದ್ದೆವು.

ಆಗ ಹಾಡು ಬರೆದವರು ನಾನು ಮತ್ತು ಮಿಲ್ಟನ್. ಮಿಲ್ಟನ್ ನನ್ನ ತಂಗಿಯ ಗಂಡ, ತಂಡದ ಮುಖ್ಯ ವಿದೂಷಕ. ಬಂದರಿನಲ್ಲಿ ಕ್ರೇನು ನಡೆಸುತ್ತಾನೆ. ದೇವರು ಅವನಿಗೆ ಎಂಥ ಮುಖ ಕೊಟ್ಟಿದ್ದಾನೆಂದರೆ ಅವನು ಸಾವಿನ ಮನೆಗೆ ಹೋದರೆ ನಾವು ಅವನನ್ನು ಬಾಗಿಲ ಹೊರಗೇ ನಿಲ್ಲಿಸುತ್ತೇವೆ. ಜೇನು ಬೆರೆಸಿದ ಗ್ರಪ್ಪಾ ಸಾರಾಯಿ ಕುಡಿಯುತ್ತಾ, ಒಬ್ಬರ ಜೋಕಿಗೆ ಇನ್ನೊಬ್ಬರು ಮೇಜು ಗುದ್ದಿ ನಗುತ್ತಾ ಬರೆದಿದ್ದೆವು. ಬಿದ್ದ ಮೇಲೆ ತೀರ್ಪುಗಾರರ ಇಡೀ ವಂಶವನ್ನು ಬೈದೆವು. ಬಡಾವಣೆಯೂ ನಮ್ಮ ಜೊತೆ ಬೈಯಿತು. ಅದೇ ವಾರ ಕ್ಷೌರಕ್ಕೆ ಕೂತಾಗ ಸುಲ್ಮಾ ನನ್ನ ಗಂಟಲ ಮೇಲೆ ಕತ್ತಿ ಇಟ್ಟುಕೊಂಡು, ತೀರ್ಪುಗಾರರದ್ದು ಏನೂ ತಪ್ಪಿಲ್ಲ, ನಿಮ್ಮ ಒಂದೊಂದು ಸಾಲಲ್ಲೂ ಮೂರು ಮೂರು ಜೋಕು, ಮೂರು ಜನ ಒಟ್ಟಿಗೇ ಬಾಗಿಲಿಗೆ ನುಗ್ಗಿದರೆ ಒಬ್ಬನೂ ಒಳಗೆ ಬರಲ್ಲ ಎಂದಳು. ನಾನೇನು ಹೇಳಲಿ? ಕತ್ತಿ ಇದ್ದದ್ದು ಅವಳ ಕೈಯಲ್ಲಿ.

ಎದ್ದು ಮುಖ ಒರೆಸಿಕೊಂಡು, ಅಷ್ಟು ಗೊತ್ತಿದ್ದರೆ ನೀನೇ ಬರಿ ತಾಯಿ ಎಂದು ಕೂಗಾಡಿದೆ. ಅವಳು ಕತ್ತಿ ತೊಳೆಯುತ್ತಾ ಆಗಲಿ ಎಂದಳು. ಒಂದೇ ಷರತ್ತು. ತಾನು ಬರೆದದ್ದನ್ನು ಬರೆದ ಹಾಗೇ ಹಾಡಬೇಕು. ಇನ್ನೊಂದು ಸಲ ಬಿದ್ದರೆ ತಂಡ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಒಳ್ಳೆಯ ಗಂಟಲುಗಳ ಮೇಲೆ ಬೇರೆ ತಂಡಗಳು ಆಗಲೇ ಕಣ್ಣಿಟ್ಟಿದ್ದವು. ನಾವು ತಾಲೀಮು ಮಾಡುತ್ತಿದ್ದ ಬೋಚಾ ಚೆಂಡಾಟದ ಷೆಡ್ಡನ್ನು ಕ್ಲಬ್ಬಿನವರು ಗೋದಾಮಿಗೆ ಕೊಡುವ ಮಾತಾಡುತ್ತಿದ್ದರು. ಹುಟ್ಟಿದಾಗಿನಿಂದ ಗುಡ್ಡದ ಮೇಲೆ ಕೇಳಿಸಿಕೊಂಡು ಬಂದ ದನಿ ಈ ವರ್ಷ ನಿಂತುಹೋಗುತ್ತದೋ ಉಳಿಯುತ್ತದೋ ಎನ್ನುವುದು ಈ ಹೆಂಗಸಿನ ಕೈಗೆ ಹೋಯಿತು.

ಆ ವರ್ಷದ ಹಾಡಿನ ವಿಷಯ, ಜನ ಸಾಲುಗಟ್ಟಿ ಕಾಯುತ್ತಾ ನಿಲ್ಲುವುದು. ನಮ್ಮ ದೇಶದಲ್ಲಿ ಹುಟ್ಟಿದ ಕೂಡಲೇ ಮನುಷ್ಯ ಕಲಿಯುವ ಕೆಲಸ ಅದು. ಮಿಲ್ಟನ್ ಒಂದು ಉದ್ದ ಸಾಲಿನ ಕೊನೆಗೆ ಬಂದು ನಿಲ್ಲುತ್ತಾನೆ, ಇದು ಯಾವ ಸಾಲು ಎಂದು ಕೇಳುತ್ತಾ ಹೋಗುತ್ತಾನೆ. ಯಾರಿಗೂ ಗೊತ್ತಿಲ್ಲ. ಆದರೂ ಯಾರೂ ಜಾಗ ಬಿಡುವುದಿಲ್ಲ. ಕೊನೆಗೆ ಒಬ್ಬ ಮುದುಕನನ್ನು ಕೇಳುತ್ತಾನೆ. ಮುದುಕನ ಉತ್ತರವನ್ನು ಮಿಲ್ಟನ್‌ನೇ ದನಿ ಬದಲಿಸಿ ಹಾಡುತ್ತಾನೆ:

“ಯಾಕೆ ನಿಂತಿದ್ದೀನಿ ಅಂತ ನಂಗೂ ಗೊತ್ತಿಲ್ಲಪ್ಪಾ,
ಈ ಜಾಗದಲ್ಲಿ ಮೊದ್ಲು ನಿಂತಿದ್ದು ನಮ್ಮಪ್ಪ.”

ಮೊದಲ ದಿನ ಮಿಲ್ಟನ್ ಇದನ್ನು ಹಾಡುವಾಗ, ನಮ್ಮಪ್ಪ ಮೊದ್ಲು ಈ ಜಾಗದಲ್ಲಿ ನಿಂತಿದ್ದ ಎಂದು ತಿರುಗಿಸಿಬಿಟ್ಟ. ಅರ್ಥ ಒಂದೇ ಅಲ್ಲವೇ ಎಂದು ವಾದ ಬೇರೆ. ಸುಲ್ಮಾ ಕೂತಲ್ಲಿಂದ ಏಳಲಿಲ್ಲ. ಅಪ್ಪನನ್ನ ಮುಂದೆ ಕಳಿಸಿದ್ರೆ ನಗು ಅವನ ಜೊತೆಗೇ ಹೊರಟುಹೋಗತ್ತೆ, ಅಪ್ಪ ಕೊನೇಗೇ ಬರಬೇಕು ಎಂದಳು. ಆ ಸಂಜೆ ಪೂರ್ತಿ ಆ ಒಂದು ಸಾಲನ್ನೇ ಹಾಡಿಸಿದಳು. ಹೊರಗೆ ಮಳೆ, ಒಳಗೆ ಯಾರೋ ಕರಿದ ರೊಟ್ಟಿ ತಂದಿಟ್ಟಿದ್ದರು. ಅದು ಆರಿ ಚಕ್ಕಳವಾಯಿತು. ಒಬ್ಬನಿಗೂ ಅದನ್ನು ಮುಟ್ಟಲು ಬಿಡಲಿಲ್ಲ.

ಆಮೇಲೆ ನನ್ನ ಸರದಿ. ಮುರ್ಗದಲ್ಲಿ ಜೋಕು ಮುಗಿದ ಕೂಡಲೇ ಡೋಲು ಢಂ ಎನ್ನಬೇಕು. ನನ್ನ ತಂದೆ ಹಾಗೇ ಬಾರಿಸಿದರು, ನಾನೂ ಹಾಗೇ. ಸುಲ್ಮಾ ಅದನ್ನು ಬಹಳ ಕಡೆ ತೆಗೆದುಹಾಕಿದಳು. ಜೋಕಿನ ನಂತರ ಅವಳು ಒಂದು ಖಾಲಿ ಸಾಲು ಬರೆಯುತ್ತಿದ್ದಳು. ಹಾಗಂದ ನೋಡಿ, ಹಾಗಂದ ನೋಡಿ ಎಂಬಂಥ ಏನೂ ಇಲ್ಲದ ಸಾಲು. ಜನ ನಗುವಾಗ ಅದು ಮುಳುಗಿಹೋಗುತ್ತದೆ, ಹೋದರೆ ನಷ್ಟವಿಲ್ಲ. ನಗು ತಗ್ಗುವಾಗ ಮುಂದಿನ ಸಾಲು ಸರಿಯಾಗಿ ಕಿವಿಗೆ ಬೀಳುತ್ತದೆ. ಹೊಟ್ಟೆಕಿಚ್ಚು ಬಿಟ್ಟು ಹೇಳುತ್ತೇನೆ, ಇದು ನಮಗೆ ಹೊಳೆದಿರಲಿಲ್ಲ. ಆದರೆ ‘ನಮ್ಮಪ್ಪ’ ಆದ ಮೇಲೆ ಅವಳು ಆ ಖಾಲಿ ಸಾಲನ್ನೂ ಬರೆಯಲಿಲ್ಲ. ಅಲ್ಲಿ ಹಾಡಿಲ್ಲ, ತಾಳವಿಲ್ಲ, ಡೋಲಿಲ್ಲ. ಎಲ್ಲರೂ ನಿಂತ ಹಾಗೇ ನಿಲ್ಲಬೇಕು.

ನನಗೆ ರೇಗಿತು. ಡೋಲು ಬಡಿಯದಿದ್ದರೆ ಜನಕ್ಕೆ ಜೋಕು ಮುಗಿದದ್ದು ಹೇಗೆ ಗೊತ್ತಾಗಬೇಕು ಎಂದು ಹಾರಾಡಿದೆ.

“ಇದು ತಡವಾಗಿ ಬರೋ ನಗು ಎಬೆರ್,” ಎಂದಳು ಅವಳು. “ಮೊದ್ಲು ಕೇಳ್ತಾರೆ. ಆಮೇಲೆ ಅವ್ರವ್ರ ಅಪ್ಪ ನೆನಪಾಗ್ತಾನೆ. ಆಮೇಲೆ ತಾವೂ ಅಲ್ಲೇ ನಿಂತಿರೋದು ಗೊತ್ತಾಗತ್ತೆ. ಅಷ್ಟರೊಳಗೆ ನೀನು ಢಂ ಅಂದ್ರೆ ಎಲ್ಲಾ ಬೆಚ್ಚಿಬಿದ್ದು ನಿನ್ನ ಮುಖ ನೋಡ್ತಾರೆ. ನಿನ್ನ ಮುಖದಲ್ಲಿ ನೋಡೋಕೆ ಏನೂ ಇಲ್ಲ.”

ಹದಿಮೂರು ಗಂಟಲೂ ಗೊಳ್ಳೆಂದವು. ನನ್ನ ತಂಗಿ ಮೂಲೆಯಲ್ಲಿ ಟೋಪಿ ಹೊಲಿಯುತ್ತಿದ್ದಳು, ಅವಳೂ ನಕ್ಕಳು.

ತಾಲೀಮು ನೋಡಲು ದಿನಾ ಸಂಜೆ ಬಡಾವಣೆಯವರು ಕುರ್ಚಿ ಹೊತ್ತುಕೊಂಡು ಬರುತ್ತಿದ್ದರು. ಮೊದಲ ಸಲ ಅವರ ಮುಂದೆ ‘ನಮ್ಮಪ್ಪ’ ಸಾಲು ಬಂದಾಗ, ಅವಳು ಹೇಳಿದ ಹಾಗೆ ನಾವು ಸುಮ್ಮನೆ ನಿಂತೆವು. ಷೆಡ್ಡು ನಿಶ್ಶಬ್ದವಾಯಿತು. ಮಿಲ್ಟನ್‌ಗೆ ಅದು ತಡೆಯಲಾಗಲಿಲ್ಲ. ವಿದೂಷಕನಿಗೆ ಮೌನ ಎಂದರೆ ಒದ್ದೆ ಬಟ್ಟೆಯಲ್ಲಿ ನಿಂತ ಹಾಗೆ. ಅವನು ಪಕ್ಕಕ್ಕೆ ತಿರುಗಿ, ಹೊಟ್ಟೆಯನ್ನು ಅಂಗೈಯಿಂದ ದುಂಡಗೆ ಸವರಿಕೊಂಡು, ಈಗ ಬಂತು, ಈಗ ಬಂತು ಎಂದುಬಿಟ್ಟ.

ಅದು ಒಲೆಗಾರ್ಯೊನ ಅಣಕ. ಒಲೆಗಾರ್ಯೊ ಎಂದರೆ ನಮ್ಮ ಬ್ರೆಡ್ಡಿನ ಅಂಗಡಿಯವನು. ಬಿಸಿ ಬ್ರೆಡ್ಡು ಯಾವಾಗ ಎಂದು ಕೇಳಿದರೆ ಹೊಟ್ಟೆ ಸವರಿಕೊಂಡು ಈಗ ಬಂತು ಎನ್ನುವುದು, ಬ್ರೆಡ್ಡು ಬರದಿರುವುದು, ಇದು ನಮ್ಮಲ್ಲಿ ಪ್ರತಿ ಬೆಳಗಿನ ಸಂಗತಿ. ಷೆಡ್ಡು ಹಾರಿಹೋಗುವ ಹಾಗೆ ಜನ ನಕ್ಕರು. ಮುಂದಿನ ಸಾಲಿನಲ್ಲೇ ಕೂತಿದ್ದ ಒಲೆಗಾರ್ಯೊ ನಾಚಿ, ಉಬ್ಬಿ, ಎದ್ದು ನಿಂತು ಎಲ್ಲ ದಿಕ್ಕಿಗೂ ಕೈಬೀಸಿದ. ಮುರ್ಗದಲ್ಲಿ ಗೇಲಿಗೆ ಸಿಗುವುದೆಂದರೆ ನಮ್ಮಲ್ಲಿ ಸನ್ಮಾನವೇ. ಮಾರನೇ ದಿನದಿಂದ ಅವನು ಹೊಸ ಅಂಗಿ ಹಾಕಿಕೊಂಡು ಬರತೊಡಗಿದ. ಮಿಲ್ಟನ್‌ನ ಒಲೆಗಾರ್ಯೊ ದಿನದಿಂದ ದಿನಕ್ಕೆ ಬೆಳೆದ. ಕೆಮ್ಮು ಬಂತು, ಕಾಲು ಎಳೆಯುವ ನಡಿಗೆ ಬಂತು. ಜನ ‘ನಮ್ಮಪ್ಪ’ ಸಾಲು ಕೇಳುವುದನ್ನೇ ಬಿಟ್ಟು ಒಲೆಗಾರ್ಯೊನಿಗಾಗಿ ಕಾಯತೊಡಗಿದರು. ನನಗೂ ಖುಷಿಯೇ. ಅಲ್ಲಿ ನನ್ನ ಡೋಲಿಗೆ ಮತ್ತೆ ಕೆಲಸ ಸಿಕ್ಕಿತ್ತು.

ಸುಲ್ಮಾ ತಾಲೀಮಿನಲ್ಲಿ ನಮ್ಮನ್ನು ನೋಡುತ್ತಿರಲಿಲ್ಲ. ನಮಗೆ ಬೆನ್ನು ಹಾಕಿ ಜನರ ಮುಖ ನೋಡುತ್ತಾ ಕೂರುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಎದ್ದು, ಒಲೆಗಾರ್ಯೊ ಬೇಡ, ತೆಗೀರಿ ಎಂದಳು.

ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಇಡೀ ಹಾಡಿನಲ್ಲಿ ಜನ ಅತಿ ಹೆಚ್ಚು ನಗುವ ಜಾಗವನ್ನೇ ತೆಗೆಯುವುದೇ? ಮಿಲ್ಟನ್ ಟೋಪಿ ಕಿತ್ತು ನೆಲಕ್ಕೆಸೆದ. ಇವಳಿಗೆ ನಗುವುದು ಗೊತ್ತಿಲ್ಲ, ಅದಕ್ಕೇ ಬೇರೆಯವರ ನಗು ಕಂಡರೆ ಆಗುವುದಿಲ್ಲ ಎಂದ. ನಾನೂ ಅವನ ಪರವೇ ಇದ್ದೆ. ನಮ್ಮಲ್ಲಿ ಒಬ್ಬರ ಮಾತಿನ ಮೇಲೆ ಏನೂ ನಡೆಯುವುದಿಲ್ಲ, ಎಲ್ಲದಕ್ಕೂ ಕೈ ಎತ್ತಬೇಕು. ಭಾನುವಾರ ಸಭೆ ಸೇರಿ ತೀರ್ಮಾನ ಮಾಡುವುದೆಂದಾಯಿತು. ಕೈಗಳನ್ನು ನಾನು ಮನಸ್ಸಿನಲ್ಲೇ ಎಣಿಸಿ ನೋಡಿದೆ. ಸುಲ್ಮಾ ಸೋಲುವುದು ಖಂಡಿತವಿತ್ತು.

ಶನಿವಾರ ನಾನು ಸುಲ್ಮಾಳ ಅಂಗಡಿಯ ಬೆಂಚಿನ ಮೇಲೆ ಪೇಪರು ಹಿಡಿದು ಕೂತಿದ್ದೆ. ಕುರ್ಚಿಯಲ್ಲಿ ಒಲೆಗಾರ್ಯೊ. ಮುಖದ ತುಂಬ ನೊರೆ. ಸುದ್ದಿ ಅವನಿಗೂ ಮುಟ್ಟಿತ್ತು, ಬಿಗಿದುಕೊಂಡು ಕೂತಿದ್ದ. ಸುಲ್ಮಾ ಕತ್ತಿ ಆಡಿಸುತ್ತಾ, ಹೊಳೆಯಾಚೆ ಲಾ ತೇಹಾ ಬಡಾವಣೆಯಲ್ಲಿ ಒಬ್ಬ ದರ್ಜಿ ಇದ್ದಾನಂತೆ ಎಂದು ಶುರು ಮಾಡಿದಳು. ಅವನು ಕತ್ತರಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಅಳತೆ ನೆನಪಿದೆ, ಅಳತೆ ನೆನಪಿದೆ ಎನ್ನುತ್ತಾನಂತೆ. ಅಲ್ಲಿನ ಮುರ್ಗದವರು ಅವನನ್ನು ಅಣಕಿಸಿದರೆ ಲಾ ತೇಹಾದ ಜನ ಬಿದ್ದೂ ಬಿದ್ದೂ ನಗುತ್ತಾರಂತೆ. ಅವಳು ಕತ್ತಿಯ ಹಿಡಿಯನ್ನು ಕಿವಿಗೆ ಸಿಕ್ಕಿಸಿ ತೋರಿಸಿದಳು ಕೂಡ. ಸುಲ್ಮಾ ಅಣಕಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಚೆನ್ನಾಗಿಯೇ ಮಾಡಿದಳು.

ಒಲೆಗಾರ್ಯೊ ಇನ್ನೇನೋ ಬರುತ್ತದೆಂದು ಕಾದ. ಬರಲಿಲ್ಲ.

“ಅಷ್ಟೇನಾ?” ಎಂದ. “ಅದ್ರಲ್ಲಿ ನಗೋಕೆ ಏನಿದೆ ತಾಯಿ? ಯಾರವನು?”

“ಅಲ್ಲಿನ ಒಲೆಗಾರ್ಯೊ.”

ಅವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. ನಾನು ಪೇಪರು ಕೆಳಗಿಟ್ಟೆ. ಹಂಗಾದ್ರೆ ನಾನು ಇಲ್ಲಿ ಮಾತ್ರ ತಮಾಷೆನಾ ಎಂದು ಸಣ್ಣ ದನಿಯಲ್ಲಿ ಕೇಳಿದ.

ಸುಲ್ಮಾ ಕತ್ತಿಯನ್ನು ಕೆಳಗಿಟ್ಟಳು. “ನೀನು ತಮಾಷೆ ಅಲ್ಲ ಒಲೆಗಾರ್ಯೊ. ನಿನ್ನ ಕಂಡ್ರೆ ಈ ಜನಕ್ಕೆ ಪ್ರೀತಿ, ಅದಕ್ಕೆ ನಗ್ತಾರೆ. ಪರೀಕ್ಷೆ ದಿನ ಆ ಪ್ರೀತಿನ ಬಸ್ಸಲ್ಲಿ ಹಾಕ್ಕೊಂಡು ಹೋಗೋಕಾಗಲ್ಲ. ಅಲ್ಲಿ ಕೂತಿರೋರಿಗೆ ನೀನು ಯಾರೋ ಹೊಟ್ಟೆ ಸವರ್ಕೊಳ್ಳೋನು. ಅವ್ರು ನಿನ್ನ ನೋಡಿ ನಗದೆ ಸುಮ್ನೆ ಕೂತ್ರೆ ನಂಗೆ ಸಹಿಸೋಕಾಗಲ್ಲ.”

ಭಾನುವಾರದ ಸಭೆಯಲ್ಲಿ ಒಲೆಗಾರ್ಯೊನಿಗೆ ಕೈ ಎತ್ತುವ ಹಕ್ಕಿರಲಿಲ್ಲ, ಅವನು ತಂಡದವನಲ್ಲ. ಆದರೂ ಹೊಸ ಅಂಗಿ ಹಾಕಿಕೊಂಡೇ ಬಂದು ನಡುವೆ ನಿಂತ. ನನ್ನ ತೆಗೀರಿ ಎಂದ. ತಾನು ಈ ಗುಡ್ಡದ ಮೇಲೆ ಸಾಯುವ ತನಕ ತಮಾಷೆಯಾಗಿ ಇರುತ್ತೇನೆ, ಅಷ್ಟು ಸಾಕು, ಆದರೆ ತಂಡ ಬಿದ್ದರೆ ತನ್ನನ್ನು ಅಣಕಿಸಲಿಕ್ಕೂ ಯಾರೂ ಇರುವುದಿಲ್ಲ ಎಂದ. ಯಾರೂ ನಗಲಿಲ್ಲ. ಅನ್ಸೆಲ್ಮೊ, ನಮ್ಮ ಹಾಡಿನ ನಿರ್ದೇಶಕ, ಮೊದಲು ಕೈ ಎತ್ತಿದ. ಒಬ್ಬೊಬ್ಬರದೇ ಎದ್ದಿತು. ನನ್ನದೂ ಎದ್ದಿತು, ಯಾವಾಗ ಎದ್ದಿತೋ ನನಗೇ ಗೊತ್ತಾಗಲಿಲ್ಲ. ಮಿಲ್ಟನ್ ಮಾತ್ರ ಕೈ ಕಟ್ಟಿಕೊಂಡೇ ಕೂತಿದ್ದ. ಸಭೆಯ ಮಾತಿಗೆ ತಲೆ ಬಾಗುತ್ತೇನೆ, ಆದರೆ ಅಲ್ಲಿ ವೇದಿಕೆಯ ಮೇಲೆ ನಿಲ್ಲುವವನು ನಾನು ಎಂದ.

“ನಗು ಬರ್ಲಿಲ್ಲಾಂದ್ರೆ ನಾನು ಕಂಬದ ಹಾಗೆ ನಿಲ್ಲಲ್ಲ. ಹೊಟ್ಟೆ ಸವರ್ಕೋತೀನಿ. ಈಗ್ಲೇ ಹೇಳಿದ್ದೀನಿ.”

ಸುಲ್ಮಾ ಅಂದಿನಿಂದ ತಾಲೀಮಿಗೆ ಬಡಾವಣೆಯವರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದಳು. ಖಾಲಿ ಷೆಡ್ಡಿನಲ್ಲಿ ನಮಗೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಿದಳು. ನಿಜವಾಗಿ ಹೇಳುತ್ತಿದ್ದೇನೆ. ‘ನಮ್ಮಪ್ಪ’ ಆದ ಕೂಡಲೇ ಅವಳು ಅಂಗೈ ಎತ್ತುತ್ತಿದ್ದಳು. ಅದು ಕೆಳಗೆ ಬರುವ ತನಕ ಯಾರೂ ಕೆಮ್ಮುವಂತಿಲ್ಲ, ಕಾಲು ಬದಲಿಸುವಂತಿಲ್ಲ. ಸೊಳ್ಳೆ ಕಚ್ಚಿದರೂ ಕಚ್ಚಿಸಿಕೊಳ್ಳಬೇಕು. ಒಂದೊಂದು ಸಂಜೆ ಕೈ ಇಳಿಸುವುದನ್ನೇ ಮರೆತಳೇನೋ ಅನ್ನಿಸುತ್ತಿತ್ತು. ಹಾಡು ಕಲಿಯುವುದಕ್ಕಿಂತ ಇದು ಕಷ್ಟ. ಎತ್ತಿದ ಡೋಲಿನ ಕೋಲನ್ನು ಬಡಿಯದೆ ಹಿಡಿದುಕೊಂಡು ನೋಡಿ, ಆಗ ತಿಳಿಯುತ್ತದೆ. ಹೆಗಲು ಹತ್ತಿ ಉರಿಯುತ್ತದೆ.

ಪರೀಕ್ಷೆಯ ಸಂಜೆ ಬಂತು. ಸಭಾಂಗಣ ತುಂಬಿತ್ತು, ಆದರೆ ನಮ್ಮವರು ಹಿಂದಿನ ಎರಡು ಸಾಲಿನಲ್ಲಿ ಮಾತ್ರ. ಉಳಿದವರೆಲ್ಲ ಬೇರೆ ಬೇರೆ ತಂಡಗಳ ಕಡೆಯವರು, ಅಂದರೆ ನಾವು ಬಿದ್ದರೆ ಖುಷಿಪಡುವವರು. ನಡುವೆ ಮೇಜಿನ ಹಿಂದೆ ತೀರ್ಪುಗಾರರು, ಹಲ್ಲುನೋವು ಬಂದವರ ಹಾಗೆ ಕೂತಿದ್ದರು. ಸುಲ್ಮಾ ವೇದಿಕೆಯ ಪಕ್ಕದ ಪರದೆಯ ಸಂದಿಯಲ್ಲಿ, ಎಂದಿನ ಹಾಗೆ ನಮಗೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿ ನಿಂತಳು. ಬಿಳಿ ಕೋಟಿನಲ್ಲೇ ಬಂದಿದ್ದಳು.

ಮೊದಲ ಹಾಡು ಚೆನ್ನಾಗಿ ಹೋಯಿತು. ಸಾಲಿನ ಹಾಡು ಶುರುವಾಯಿತು. ಮೊದಲ ಜೋಕಿಗೆ ನಗು ಬಂತು, ಖಾಲಿ ಸಾಲು ಅದರಲ್ಲಿ ಮುಳುಗಿತು. ಎರಡನೆಯದಕ್ಕೂ ಹಾಗೇ. ಮಿಲ್ಟನ್ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗಿ ಮುದುಕನ ಹತ್ತಿರ ಬಂದ. ದನಿ ಬದಲಿಸಿದ. ಯಾಕೆ ನಿಂತಿದ್ದೀನಿ ಅಂತ ನಂಗೂ ಗೊತ್ತಿಲ್ಲಪ್ಪಾ. ಒಂದು ಉಸಿರು. ಈ ಜಾಗದಲ್ಲಿ ಮೊದ್ಲು ನಿಂತಿದ್ದು ನಮ್ಮಪ್ಪ.

ಸುಲ್ಮಾಳ ಅಂಗೈ ಮೇಲೆದ್ದಿತು.

ಏನೂ ಇಲ್ಲ. ಸಭಾಂಗಣ ಬಾವಿಯ ಹಾಗೆ ತಣ್ಣಗೆ. ನನ್ನ ಎದೆ ಡವಡವ ಅನ್ನುವುದು ಡೋಲಿನ ಚರ್ಮಕ್ಕೆ ತಾಗಿ ಕೇಳಿಸುತ್ತದೇನೋ ಎಂದು ಹೆದರಿದೆ. ಹೊಡೆದುಬಿಡು ಎಬೆರ್, ಒಂದೇ ಒಂದು ಏಟು, ತಂಡ ಉಳಿಯುತ್ತದೆ ಎಂದು ತೋಳು ಹೇಳುತ್ತಿತ್ತು. ಆಗ ನನ್ನ ಮುಂದೆ ನಿಂತಿದ್ದ ಮಿಲ್ಟನ್‌ನ ಬಲಗೈ ನಿಧಾನವಾಗಿ ಹೊಟ್ಟೆಯ ಕಡೆಗೆ ಹೊರಟದ್ದು ಕಂಡಿತು. ಹಿಂದಿನಿಂದ ಅವನ ಮೊಣಕೈ ಬಾಗುವುದಷ್ಟೇ ಕಾಣುತ್ತಿತ್ತು. ಬೇಡ ಕಣೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನಿಗಾಗಿ ಅಲ್ಲ, ನನಗಾಗಿ. ಅವನು ಕೈ ಆಡಿಸಿದರೆ ನಾನೂ ತಡೆದುಕೊಳ್ಳಲಾರೆ ಎಂದು ಗೊತ್ತಿತ್ತು.

ಮೊಣಕೈ ಅರ್ಧಕ್ಕೆ ನಿಂತಿತು. ಅವನು ಪರದೆಯ ಕಡೆ ಒಮ್ಮೆ ನೋಡಿದ. ಆಮೇಲೆ ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು, ಸಾಲಿನಲ್ಲಿ ತಲತಲಾಂತರದಿಂದ ನಿಂತವನ ಹಾಗೆ, ಮುಂದೆ ಯಾರದೋ ಬೆನ್ನು ನೋಡುತ್ತಾ ನಿಂತುಬಿಟ್ಟ.

ಮೂರನೇ ಸಾಲಿನಲ್ಲಿ ಒಬ್ಬ ಮುದುಕ ಹೆಂಡತಿಯ ಕಡೆ ತಿರುಗಿ, ಅಯ್ಯೋ, ನಮ್ಮಪ್ಪನೂ ಕಣೆ ಎಂದ. ಹೇಳಿದವನೇ ಮುಸಿಮುಸಿ ನಗತೊಡಗಿದ. ಅವನ ಪಕ್ಕದವಳು ನಕ್ಕಳು. ಹಿಂದಿನವರು ನಕ್ಕರು. ಆಮೇಲೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನು ಹೇಳಲು ನನಗೆ ಬರುವುದಿಲ್ಲ. ಹಾಲು ಉಕ್ಕುವ ಹಾಗೆ ಉಕ್ಕಿತು. ನಿಲ್ಲುತ್ತದೆ ಅನ್ನುವಾಗ ಯಾರೋ ಇನ್ನೊಬ್ಬರಿಗೆ ತಮ್ಮ ಅಪ್ಪ ನೆನಪಾಗಿ ಮತ್ತೆ ಶುರುವಾಗುತ್ತಿತ್ತು. ಒಬ್ಬ ತೀರ್ಪುಗಾರ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ನಮ್ಮನ್ನು ಬೀಳಿಸಲು ಬಂದಿದ್ದ ತಂಡಗಳವರೇ ಮುಂದಿನ ಕುರ್ಚಿಯ ಬೆನ್ನು ಗುದ್ದಿ ನಗುತ್ತಿದ್ದರು. ಅನ್ಸೆಲ್ಮೊ ಹಾಡು ಎತ್ತಲು ಬಾಯಿ ತೆರೆದ. ಸುಲ್ಮಾಳ ಅಂಗೈ ಇಳಿದಿರಲಿಲ್ಲ. ಇನ್ನೂ ಬೇಡ. ಅವಳು ಆ ನಗುವನ್ನು, ಅಕ್ಕಿ ಬೆಂದಿದೆಯೋ ಇಲ್ಲವೋ ಎಂದು ನೋಡುವವಳ ಹಾಗೆ, ಕೊನೆಯವರೆಗೂ ನೋಡಿದಳು. ಆಮೇಲೆ ಕೈ ಇಳಿಸಿದಳು. ಹದಿಮೂರು ಗಂಟಲೂ ಒಂದಾಗಿ ಎದ್ದವು. ನನ್ನ ಡೋಲೂ ಎದ್ದಿತು. ಹಾಗೆ ನಾನು ಮುಂಚೆ ಬಾರಿಸಿರಲಿಲ್ಲ, ಆಮೇಲೂ ಬಾರಿಸಿಲ್ಲ.

ಎಲ್ಲ ತಂಡಗಳದ್ದೂ ಮುಗಿದ ಮೇಲೆ ಪಾಸಾದವರ ಹೆಸರು ಓದಿದರು. ‘ಕೊನೇ ತಿರುವು’ ಎಂದಾಗ ಹಿಂದಿನ ಎರಡು ಸಾಲುಗಳು ಇಡೀ ಸಭಾಂಗಣದಷ್ಟು ಸದ್ದು ಮಾಡಿದವು. ಒಲೆಗಾರ್ಯೊ ನನ್ನನ್ನು ಡೋಲಿನ ಸಮೇತ ಎತ್ತಿಬಿಟ್ಟ. ಮಿಲ್ಟನ್ ಬಣ್ಣದ ಮುಖದಲ್ಲೇ ಅತ್ತು, ಬಣ್ಣವೆಲ್ಲ ಕಲಸಿ, ಮೊದಲಿಗಿಂತ ನಗು ಬರಿಸುವ ಹಾಗೆ ಆಗಿದ್ದ. ತಂಡದ ಹೆಸರಿನ ಜೊತೆ ಹಾಡು ಬರೆದವರ ಹೆಸರನ್ನೂ ಓದುವುದು ಪದ್ಧತಿ. ಬೆರ್ರೂಟಿ ಎಂದು ಕೇಳಿದ ಕೂಡಲೇ ರೇಡಿಯೊದವನೊಬ್ಬ ಮೈಕು ಹಿಡಿದುಕೊಂಡು ಓಡಿಬಂದ. ಬಿಳಿ ಕೋಟಿನ ಹೆಂಗಸನ್ನು ನೋಡಿ, ಯಾರಿಗಾದರೂ ಮೈ ಸರಿ ಇಲ್ಲವೇ ಎಂದು ಕೇಳಿದ. ಹಾಡು ಬರೆದವಳು ಇವಳೇ ಎಂದು ನಾವೆಲ್ಲ ತೋರಿಸಿದೆವು. ಅವನು ಸಾವರಿಸಿಕೊಂಡು, ಇಷ್ಟೊಂದು ತಮಾಷೆ ನಿಮಗೆ ಎಲ್ಲಿಂದ ಬರುತ್ತದೆ ಮೇಡಂ ಎಂದ.

“ನಂಗೆ ತಮಾಷೆ ಬರಲ್ಲ,” ಎಂದಳು ಸುಲ್ಮಾ. “ಇವ್ರನ್ನ ಸುಮ್ನಿರಿಸೋಕೆ ಬರತ್ತೆ, ಅಷ್ಟೇ.”

ರೇಡಿಯೊದವನು ಮೈಕನ್ನು ನಮ್ಮ ಕಡೆ ತಿರುಗಿಸಿದ. ಊರಿಗೆ ಊರೇ ಕೇಳುತ್ತಿತ್ತು. ಏನಾದರೂ ಹೇಳಿ ಎಂದು ಮೈಕನ್ನು ಒಬ್ಬೊಬ್ಬರ ಬಾಯಿಗೂ ಹಿಡಿದುಕೊಂಡು ಹೋದ, ಮಿಲ್ಟನ್‌ನ ಬಾಯಿಗೂ, ನನ್ನ ಬಾಯಿಗೂ. ನಾವು ಎದೆ ಸೆಟೆಸಿಕೊಂಡು, ಸಾಲಾಗಿ, ಅವಳ ಹಿಂದೆ ನಿಂತಿದ್ದೆವು. ನಮ್ಮಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ.